ಕೊಡಗಿನ ರಸ್ತೆಗೆ ದೊಡ್ಡ ಅಲಾಯ್ ಹಾಕೋರು ಮೊದ್ಲು ಟೈರ್ ಲೆಕ್ಕ ಮಾಡಿ, ಆಮೇಲೆ ರಿಮ್ ನೋಡಿ

ಕಾಫಿಗೆ ರೇಟ್ ಬಂದ ಮೇಲೆ ಗೋಣಿಕೊಪ್ಪ, ವಿರಾಜಪೇಟೆ, ಸುಂಟಿಕೊಪ್ಪ ಕಡೆ ಆಡಿ, ಬಿಎಂಡಬ್ಲ್ಯೂ, ಡಿಫೆಂಡರ್ ಎಲ್ಲ ಜಾಸ್ತಿನೇ ಕಾಣ್ತಾ ಇವೆ, ಗಾಡಿ ಬಂದು ಆರು ತಿಂಗಳಾಗೋ ಅಷ್ಟರಲ್ಲಿ "ಅಣ್ಣ, ಇದಕ್ಕೆ 22 ಇಂಚ್ ಅಲಾಯ್ ರಿಮ್ ಹಾಕ್ಬಹುದಾ, ಯಾವ ಟೈರ್ ಕೂರುತ್ತೆ" ಅನ್ನೋ ಪ್ರಶ್ನೆನೂ ಬರುತ್ತೆ. ಹಾಕ್ಬಹುದು, ಆದ್ರೆ ನಮ್ಮೋರು ಹೆಚ್ಚಿನವರು ಉಲ್ಟಾ ದಾರಿಯಲ್ಲಿ ಹೋಗ್ತಾರೆ, ಫೋಟೋದಲ್ಲಿ ರಿಮ್ ನೋಡಿ ಅಡ್ವಾನ್ಸ್ ಕೊಟ್ಟು ಆಮೇಲೆ ಟೈರ್ ಹುಡುಕ್ತಾರೆ. ಮೊದ್ಲು ಟೈರ್ ಸೈಜ್ ಫಿಕ್ಸ್ ಮಾಡ್ಬೇಕು ಮಾರಾಯ್ರೆ, ಅದಕ್ಕೆ ಬೇಕಾದ ರಿಮ್ ಆಮೇಲೆ. ರಿಮ್ ಅಂದ್ರೆ ಟೈರ್ ಕೂರೋ ಲೋಹದ ಚಕ್ರ, ಚಂದ ಅದರದ್ದು, ಆದ್ರೆ ರಸ್ತೆ ಮುಟ್ಟೋದು ಟೈರೇ.

ಸೈಜ್ ಓದೋದು ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. 285/45 ಆರ್20 ಅಂದ್ರೆ ಟೈರ್ ಅಗಲ 285 ಮಿಲಿಮೀಟರ್, ಸೈಡ್‌ವಾಲ್ ಅಂದ್ರೆ ಟೈರಿನ ಪಕ್ಕದ ಗೋಡೆ, ಅದರ ಎತ್ತರ ಆ ಅಗಲದ ಶೇಕಡಾ 45, ರಿಮ್ 20 ಇಂಚು. ಸೈಡ್‌ವಾಲ್ ಎಷ್ಟು ಅಂದ್ರೆ 285 ಇಂಟು 0.45, 128 ಮಿಲಿಮೀಟರ್ ಚಿಲ್ಲರೆ. ಅದು ಮೇಲೊಂದು ಕೆಳಗೊಂದು, ಎರಡು ಸಲ ಕೂಡಿಸಿ, ರಿಮ್‌ನ 20 ಇಂಚನ್ನ 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ ಸೇರಿಸಿದ್ರೆ 764.5 ಮಿಲಿಮೀಟರ್ ಬರುತ್ತೆ, ಇದೇ ಟೈರಿನ ಒಟ್ಟು ವ್ಯಾಸ. ಇಡೀ ಆಟ ನಿಂತಿರೋದು ಈ ಒಂದು ನಂಬರ್ ಮೇಲೆ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು, ಅಂಗಡಿಯವರು "ಕೂರುತ್ತೆ ಸಾರ್, ನಾವು ತುಂಬಾ ಗಾಡಿಗೆ ಹಾಕಿದ್ದೀವಿ" ಅಂದ್ರೂ ನೀವೇ ಒಂದ್ಸಲ ಮಾಡಿ ನೋಡಿ.

ಆಡಿ ಕ್ಯೂ7 ತಗೊಳ್ಳಿ. ಅದಕ್ಕೆ 19 ಇಂಚಿಗೆ 255/55, ವ್ಯಾಸ 763. 20ಕ್ಕೆ 285/45, 764.5. 21ಕ್ಕೆ 285/40, 761. 22ಕ್ಕೆ 285/35, 758. ನೋಡಿದ್ರಾ, ರಿಮ್ ಮೂರು ಇಂಚು ಬೆಳೆದ್ರೂ ಹೊರಗಿನ ವ್ಯಾಸ ಆರೇಳು ಮಿಲಿಮೀಟರ್ ಒಳಗೇ ಓಡಾಡ್ತಾ ಉಂಟು. ಡಿಫೆಂಡರ್ 110ಕ್ಕೂ ಹಾಗೇ, 255/70 ಆರ್18, 255/65 ಆರ್19, 255/60 ಆರ್20 ಮೂರೂ 814ರಲ್ಲೇ ನಿಲ್ತವೆ. ಕಂಪನಿಯವರು ಸುಮ್ನೆ ಹಾಗೆ ಮಾಡಿಲ್ಲ. ಸ್ಪೀಡೋಮೀಟರು, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್ಸು, ಗೇರ್ ಬದಲಾಗೋ ಲೆಕ್ಕ, ಏರ್ ಸಸ್ಪೆನ್ಷನ್ನು ಎಲ್ಲ ಆ ವ್ಯಾಸ ನಂಬ್ಕೊಂಡೇ ಕೆಲಸ ಮಾಡ್ತವೆ.

ಹಾಗಾಗಿ 22 ಹಾಕಿದ್ರೆ ಗಾಡಿ ಎತ್ತರ ಆಗುತ್ತೆ, ತೋಟದ ದಾರಿಗೆ ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಗ್ರೌಂಡ್ ಕ್ಲಿಯರೆನ್ಸ್ ಬರೋದು ಒಟ್ಟು ವ್ಯಾಸದ ಅರ್ಧದಿಂದ, ಕ್ಯೂ7ಗೆ 20 ತೆಗೆದು ಸರಿಯಾದ 22 ಹಾಕಿದ್ರೆ ಗಾಡಿ ಮೂರು ಮಿಲಿಮೀಟರ್ ತಗ್ಗುತ್ತೆ ಅಷ್ಟೇ. ಎತ್ತರ ಬೇಕು ಅಂತ 22ಕ್ಕೆ 285/45 ಹಾಕ್ತೀನಿ ಅಂದ್ರೆ ವ್ಯಾಸ 815 ಆಗುತ್ತೆ, ಶೇಕಡಾ ಆರೂವರೆ ಜಾಸ್ತಿ. ಮೀಟರ್‌ನಲ್ಲಿ 80 ತೋರಿಸುವಾಗ ಮೊದ್ಲಿಗಿಂತ ಐದು ಕಿಲೋಮೀಟರ್ ಜಾಸ್ತಿ ಓಡ್ತಾ ಇರ್ತೀರ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಒಳಗೆ ಉಜ್ಜುತ್ತೆ, ಸಂಪಾಜೆ ಘಾಟಿ ಇಳಿಯುವಾಗ ಎಂಜಿನ್ ಹಿಡಿತನೂ ಅಷ್ಟು ಕಮ್ಮಿಯಾಗಿ ಬ್ರೇಕ್ ಮೇಲೆ ಭಾರ ಬೀಳುತ್ತೆ. ಸಾಮಾನ್ಯವಾಗಿ ಎಲ್ಲರೂ ಹೇಳೋ ಮಿತಿ ಶೇಕಡಾ ಮೂರು, ನನ್ನ ಕೇಳಿದ್ರೆ ಈ ರೇಂಜಿನ ಗಾಡಿಗೆ ಒಂದೂವರೆ ದಾಟಬೇಡಿ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ವ್ಯಾಸ ಹಾಗೇ ಇಟ್ಟು ರಿಮ್ ದೊಡ್ಡದು ಮಾಡಿದ್ರೆ ಕಮ್ಮಿ ಆಗೋದು ರಬ್ಬರು. 285/45 ಆರ್20ರಲ್ಲಿ 128 ಮಿಲಿಮೀಟರ್ ಇದ್ದ ಸೈಡ್‌ವಾಲ್ 21ಕ್ಕೆ 114 ಆಗುತ್ತೆ, 22ಕ್ಕೆ ಬರೀ 100. ಅದರಲ್ಲೂ ಒಂದು ಕಳ್ಳ ಲೆಕ್ಕ ಉಂಟು, ರಿಮ್‌ನ 22 ಇಂಚು ಅಳೆಯೋದು ಟೈರ್ ಒಳಗೆ ಕೂರೋ ಜಾಗದಲ್ಲಿ, ಅದರ ಮೇಲೆ ರಿಮ್ ಅಂಚು ಇನ್ನೂ ಸುಮಾರು 17 ಮಿಲಿಮೀಟರ್ ಎದ್ದಿರುತ್ತೆ, ಹಾಗಾಗಿ ಗುಂಡಿಗೆ ಬಿದ್ದಾಗ ಏಟು ತಡೆಯೋಕೆ ಇರೋದು 83 ಮಿಲಿಮೀಟರ್ ಆಸುಪಾಸು ಮಾತ್ರ, ಅದರಲ್ಲೇ ಟ್ರೆಡ್, ಅಂದ್ರೆ ರಸ್ತೆ ಮುಟ್ಟೋ ಗೀರಿನ ರಬ್ಬರು, ಅದರ ದಪ್ಪನೂ ಸೇರಿದೆ. ಎರಡು ಟನ್ ದಾಟೋ ಗಾಡಿಗೆ ಇಷ್ಟೇ ಮೆತ್ತೆ.

ಮೈಸೂರು ಬೆಂಗಳೂರು ಹೈವೇಲಿ ಇದು ನಡೆಯುತ್ತೆ. ಇಲ್ಲಿ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತೆ, ಜುಲೈನಲ್ಲಿ ಗುಂಡಿ ಯಾವುದು ನೀರು ನಿಂತಿದ್ದು ಯಾವುದು ಗೊತ್ತಾಗಲ್ಲ, ಎದುರಿಂದ ಬಸ್ ಬಂತು ಅಂತ ಸೈಡಿಗೆ ಇಳಿಸಿದ್ರೆ ಟಾರಿನ ಅಂಚು ಅರ್ಧ ಅಡಿ ಕುಸಿದಿರುತ್ತೆ, ಮತ್ತೆ ರಸ್ತೆಗೆ ಹತ್ತಿಸುವಾಗ ಆ ಅಂಚು ಸೀದಾ ಸೈಡ್‌ವಾಲ್‌ಗೆ ಉಜ್ಜುತ್ತೆ. ತೋಟದೊಳಗೆ ಹೋದ್ರೆ ಇನ್ನೊಂದು ಕಥೆ, ಚಕ್ರಕ್ಕೆ ಅಂತ ಎರಡು ಪಟ್ಟಿ ಕಾಂಕ್ರೀಟ್ ಹಾಕಿರ್ತಾರೆ, ಮಧ್ಯ ಹುಲ್ಲು, ಅಗಲ ಟೈರ್ ಹೊರಗೆ ಚಾಚಿದ್ರೆ ಪಟ್ಟಿಯಿಂದ ಜಾರಿ ಆ ಚೂಪು ಅಂಚಿಗೇ ಸಿಗುತ್ತೆ. ಟ್ರೆಡ್‌ಗೆ ಮೊಳೆ ಹೊಕ್ಕಿದ್ರೆ ಪಂಚರ್ ಹಾಕ್ಬಹುದು, ಸೈಡ್‌ವಾಲ್ ಕುಯ್ದ್ರೆ ಅಥ್ವಾ ಒಳಗಿನ ನೂಲು ಹರಿದು ಬುಡ್ಡೆ ಎದ್ರೆ ಟೈರ್ ಬಿಸಾಕೋದೇ, ಬೇರೆ ದಾರಿ ಇಲ್ಲ.

ಅದಕ್ಕೆ ನನ್ನ ಮಾತು ಇಷ್ಟು: ಮನೆ, ತೋಟ, ಓಡಾಟ ಎಲ್ಲ ಕೊಡಗಲ್ಲೇ ಇರೋರು ಸೈಡ್‌ವಾಲ್ 120 ಮಿಲಿಮೀಟರ್‌ಗಿಂತ ಕೆಳಗೆ ಹೋಗ್ಬೇಡಿ, ಅಂದ್ರೆ ಕ್ಯೂ7 ತರದ ಗಾಡಿಗೆ 20 ಇಂಚಿಗೆ ನಿಲ್ಲಿಸಿ. ವಾರಕ್ಕೊಮ್ಮೆ ಬೆಂಗಳೂರು ಓಡಾಟ ಇದ್ದು ಮನೆ ಗೇಟಿನವರೆಗೂ ಟಾರ್ ಇದ್ರೆ 21 ನೋಡಿ. 22 ಹಾಕೋದಿದ್ರೆ ಎರಡನೇ ಸೆಟ್ ಆಗಿ ಇಟ್ಕೊಳ್ಳಿ, ಮಳೆಗಾಲಕ್ಕೆ ಕಂಪನಿ ಚಕ್ರ, ಬೇಸಿಗೆಗೆ ಇದು. ಡಿಫೆಂಡರ್, ಲ್ಯಾಂಡ್ ಕ್ರೂಸರ್ ತರ ಮೊದ್ಲೇ 800 ಮಿಲಿಮೀಟರ್ ಆಸುಪಾಸು ಅಥ್ವಾ ಅದಕ್ಕಿಂತ ಜಾಸ್ತಿ ವ್ಯಾಸ ಇರೋ ಗಾಡಿಗಳಿಗೆ ಸ್ವಲ್ಪ ಸ್ವಾತಂತ್ರ್ಯ ಜಾಸ್ತಿ, 255/60 ಆರ್20ರಲ್ಲಿ 153 ಮಿಲಿಮೀಟರ್ ಸೈಡ್‌ವಾಲ್ ಸಿಗುತ್ತೆ, ನೋಡೋಕೂ ಚಂದ. ಕೆಲವರು ಬುದ್ಧಿವಂತರು ಉಲ್ಟಾ ಹೋಗಿ ಡಿಫೆಂಡರಿಗೆ 18 ಹಾಕ್ತಾರೆ, ಒಳ್ಳೇದೇ, ಆದ್ರೆ ದೊಡ್ಡ ಬ್ರೇಕ್ ಇರೋ ವೇರಿಯೆಂಟ್‌ಗೆ ಚಿಕ್ಕ ರಿಮ್ ಬ್ರೇಕ್ ಹಿಡಿಯೋ ಕ್ಯಾಲಿಪರ್‌ಗೆ ತಾಗುತ್ತೆ, ವಿಚಾರಿಸಿ ಹಾಕಿ.

ಅಗಲದ ಬಗ್ಗೆನೂ ಒಂದು ಮಾತು. ಅಗಲ ಟೈರ್ ಅಂದ್ರೆ ಗ್ರಿಪ್ ಜಾಸ್ತಿ ಅನ್ನೋದು ಒಣ ರಸ್ತೆಗೆ ಸರಿ. ನೀರು ನಿಂತ ರಸ್ತೆಯಲ್ಲಿ ಅಗಲ ಟೈರ್ ಅಡಿಯಿಂದ ಹೊರಗೆ ತಳ್ಳಬೇಕಾದ ನೀರೂ ಜಾಸ್ತಿ, ಬೇಗ ತೇಲುತ್ತೆ. ಕುಶಾಲನಗರದಿಂದ ಮಡಿಕೇರಿಗೆ ಮಳೆಯಲ್ಲಿ ಸ್ಪೀಡಾಗಿ ಹತ್ತುವಾಗ ಸ್ಟೇರಿಂಗ್ ಒಂದು ಕ್ಷಣ ಹಗುರ ಆಯ್ತು ಅಂದ್ರೆ ಅದೇ. ಕಾನೂನು ಪ್ರಕಾರ ಟ್ರೆಡ್ ಗೀರಿನ ಆಳ 1.6 ಮಿಲಿಮೀಟರ್ ಇದ್ರೆ ಸಾಕು, ಆದ್ರೆ 285, 315 ಅಗಲದ ಟೈರ್ ಹಾಕಿದೋರು ಮಳೆಗಾಲಕ್ಕೆ ಮುಂಚೆ ನಾಲ್ಕು ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಬದಲಾಯಿಸಿಬಿಡಿ.

ಮುಂದಿನದು ಲೋಡ್ ಇಂಡೆಕ್ಸ್, ಇದನ್ನ ಯಾರೂ ನೋಡಲ್ಲ, ಎಲ್ಲಕ್ಕಿಂತ ಮೊದ್ಲು ನೋಡಬೇಕಾದ್ದು ಇದು. ಸೈಜ್ ಪಕ್ಕ 112ವೈ ಅಂತ ಇರುತ್ತಲ್ಲ, ಆ 112 ಅಂದ್ರೆ ಒಂದು ಟೈರ್ 1120 ಕಿಲೋ ಹೊರುತ್ತೆ ಅಂತ. 107 ಅಂದ್ರೆ 975, 109 ಅಂದ್ರೆ 1030, 110 ಅಂದ್ರೆ 1060, 114 ಅಂದ್ರೆ 1180, 116 ಅಂದ್ರೆ 1250. ಅಕ್ಷರ ಸ್ಪೀಡಿಗೆ, ಎಚ್ 210, ವಿ 240, ಡಬ್ಲ್ಯೂ 270, ವೈ 300. ನಮ್ಮ ತಿರುವಲ್ಲಿ 300 ಯಾರೂ ಓಡಿಸಲ್ಲ ಬಿಡಿ, ಆದ್ರೂ ಸ್ಪೀಡ್ ರೇಟಿಂಗ್ ಕಂಪನಿ ಹೇಳಿದ್ದಕ್ಕಿಂತ ಇಳಿಸ್ಬೇಡಿ, ಬಿಸಿ ತಡೆಯೋ ಶಕ್ತಿನೂ ಅದರ ಜೊತೆನೇ ಬರೋದು. ಲೋಡ್ ಇಂಡೆಕ್ಸ್ ಅಂತೂ ಒಂದು ನಂಬರ್ ಕೂಡ ಇಳಿಸೋಕೆ ಒಪ್ಬೇಡಿ. ರಿಮ್ ದೊಡ್ಡದಾಗಿ ಸೈಡ್‌ವಾಲ್ ಸಣ್ಣದಾದಾಗ ಒಳಗೆ ಹಿಡಿಯೋ ಗಾಳಿ ಕಮ್ಮಿ ಆಗುತ್ತೆ, ಭಾರ ಹೊರೋದು ಗಾಳಿನೇ ತಾನೇ, ಅದಕ್ಕೇ ಕಮ್ಮಿ ಪ್ರೊಫೈಲ್ ಟೈರಲ್ಲಿ ಇಂಡೆಕ್ಸ್ ಇಳಿಯೋದು ಸಾಮಾನ್ಯ. ಎಕ್ಸ್‌ಎಲ್, ಅಂದ್ರೆ ಹೆಚ್ಚು ಭಾರ ಹೊರೋದು, ಅಂತ ಬರೆದಿರೋ ಟೈರೇ ಕೇಳಿ. ಆದ್ರೆ ಎಕ್ಸ್‌ಎಲ್ ಟೈರ್ ಪೂರ್ತಿ ಭಾರ ಹೊರೋಕೆ 42 ಪಿಎಸ್‌ಐ ಬೇಕು, ಮಾಮೂಲಿ ಟೈರಿಗೆ 36. ಕುಲುಕಾಟ ಜಾಸ್ತಿ ಆಯ್ತು ಅಂತ 30ಕ್ಕೆ ಇಳಿಸಿ ಓಡಿಸಿದ್ರೆ ಎಕ್ಸ್‌ಎಲ್ ಹಾಕಿದ್ದೂ ದಂಡ, ಮೊದಲ ಗುಂಡಿಗೇ ರಿಮ್ ಬೆಂಡು.

ಭಾರ ಎಷ್ಟು ಅಂತ ಗೊತ್ತಾಗೋಕೆ ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರೋ ಪ್ಲೇಟೋ ಇರುತ್ತೆ, ಅದರಲ್ಲೋ ಮ್ಯಾನ್ಯುವಲ್‌ನಲ್ಲೋ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಗರಿಷ್ಠ ಭಾರ ಬರೆದಿರುತ್ತೆ. ಹಿಂದಿನದು 1750 ಕಿಲೋ ಅಂತ ಇಟ್ಕೊಳ್ಳಿ, ಒಂದು ಚಕ್ರಕ್ಕೆ 875. ರಿಮ್‌ಗೂ ಲೋಡ್ ರೇಟಿಂಗ್ ಇರುತ್ತೆ, ಒಳಗಡೆ ಅಚ್ಚೊತ್ತಿರ್ತಾರೆ, 690 ಕಿಲೋ ಅಂತ ಬರೆದಿರೋ ಸೆಡಾನ್ ರಿಮ್‌ನ ಇಂಥ ಗಾಡಿಗೆ ಹಾಕಿದೋರು ಇದ್ದಾರೆ, ಬೋಲ್ಟ್ ಕೂತ್ಕೊಳ್ತು ಅನ್ನೋ ಒಂದೇ ಕಾರಣಕ್ಕೆ. ಏನೂ ಅಚ್ಚೊತ್ತಿಲ್ಲ ಅಂದ್ರೆ ಆ ರಿಮ್ ಮುಟ್ಟಲೇಬೇಡಿ. ರಿಮ್ ಗಟ್ಟಿತನದ ಪರೀಕ್ಷೆ ಆಗಿದೆ ಅನ್ನೋ ಜಪಾನಿನ ಜೆಡಬ್ಲ್ಯೂಎಲ್, ವಿಐಎ ಗುರುತು ಇರೋದು ನೋಡಿ, ಡೂಪ್ಲಿಕೇಟ್‌ನಲ್ಲೂ ಆ ಗುರುತು ಹಾಕ್ತಾರೆ, ಹಾಗಾಗಿ ಬಿಲ್ ಇಲ್ಲದ ಮಾಲು ಬೇಡ. ನಮ್ಮಲ್ಲಿ ಎಪ್ಪತ್ತು ಎಂಬತ್ತು ಲಕ್ಷದ ಗಾಡಿ ಡಿಕ್ಕಿಗೂ ಗೊಬ್ಬರದ ಮೂಟೆ, ಕರಿಮೆಣಸಿನ ಚೀಲ ಹೋಗೇ ಹೋಗುತ್ತೆ, ನಗೋದೇನಿಲ್ಲ, ಅದನ್ನೂ ಭಾರದ ಲೆಕ್ಕಕ್ಕೆ ಹಿಡೀರಿ.

ಟೈರ್ ಮುಗೀತು ಅಂದ್ಕೊಂಡ್ರೆ ಈಗ ರಿಮ್. ಮೊದ್ಲು ಅಗಲ. ಪ್ರತಿ ಟೈರ್ ಸೈಜಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ ಅಂತ ಟೈರ್ ಕಂಪನಿ ಪಟ್ಟಿ ಕೊಟ್ಟಿರುತ್ತೆ, 285/45ಕ್ಕೆ 9ರಿಂದ 10.5 ಇಂಚು. ಕಿರಿದಾದ ಟೈರ್‌ನ ಅಗಲ ರಿಮ್‌ಗೆ ಎಳೆದು ಹಾಕೋ ಫ್ಯಾಷನ್ ಇದೆ, ಹಾಗೆ ಮಾಡಿದ್ರೆ ರಿಮ್ ಅಂಚು ರಬ್ಬರಿಗಿಂತ ಹೊರಗೆ ಬಂದು ಮೊದಲ ಕಲ್ಲಿಗೇ ಗೀರುತ್ತೆ, ಗುಂಡಿಗೆ ಬಿದ್ರೆ ಟೈರ್ ರಿಮ್ ಬಿಟ್ಟು ಗಾಳಿ ಹೋಗುತ್ತೆ. ಬೇಡ.

ಆಫ್‌ಸೆಟ್ ವಿಷಯ ಸ್ವಲ್ಪ ತಲೆ ತಿನ್ನುತ್ತೆ ಆದ್ರೆ ಲೆಕ್ಕ ಸುಲಭ. ರಿಮ್ ಮೇಲೆ ಇಟಿ33 ಅಂತ ಇದ್ರೆ ಬೋಲ್ಟ್ ಕೂರೋ ಮುಖ ರಿಮ್‌ನ ನಟ್ಟನಡುವಿಗಿಂತ 33 ಮಿಲಿಮೀಟರ್ ಹೊರಗಡೆ ಇದೆ ಅಂತ. ಇಟಿ ಕಮ್ಮಿ ಆದಷ್ಟೂ ಚಕ್ರ ಹೊರಗೆ ಬರುತ್ತೆ. ಹಳೇದು 9 ಇಂಚು ಇಟಿ33, ಹೊಸದು 10 ಇಂಚು ಇಟಿ20 ಅಂತ ಇಟ್ಕೊಳ್ಳಿ. ಅಗಲ ಒಂದಿಂಚು ಜಾಸ್ತಿ ಆಯ್ತು, ಅದರಲ್ಲಿ ಅರ್ಧ ಅಂದ್ರೆ 12.7 ಹೊರಗೆ, 12.7 ಒಳಗೆ. ಇಟಿ 13 ಕಮ್ಮಿ ಆಗಿದ್ದಕ್ಕೆ ಇಡೀ ಚಕ್ರ 13 ಹೊರಗೆ ಸರೀತು. ಒಟ್ಟು ಹೊರಗೆ 25.7 ಮಿಲಿಮೀಟರ್ ಚಾಚಿತು, ಒಳಗೆ ಹೆಚ್ಚುಕಮ್ಮಿ ಮೊದ್ಲಿದ್ದಲ್ಲೇ. ಎರಡೂವರೆ ಸೆಂಟಿಮೀಟರ್ ಹೊರಗೆ ಅಂದ್ರೆ ಚಕ್ರದ ಮೇಲಿನ ಫೆಂಡರ್ ದಾಟಿ ಕೆಸರೆಲ್ಲ ಬಾಗಿಲಿಗೆ ಹೊಡೆಯುತ್ತೆ, ಬೇರಿಂಗ್ ಮೇಲೆ ಎಳೆತ ಬೀಳುತ್ತೆ, ಗುಂಡಿಗೆ ಸ್ಟೇರಿಂಗ್ ಕಿತ್ಕೊಂಡು ಹೋಗುತ್ತೆ. ನಾನಾದ್ರೆ ಹೊರಗಡೆ 10 ಮಿಲಿಮೀಟರ್ ಮೇಲೆ ಒಪ್ಪಲ್ಲ. ಒಳಗಡೆ ಸಸ್ಪೆನ್ಷನ್ ಆರ್ಮ್‌ಗೆ ಎಷ್ಟು ಜಾಗ ಇದೆ ಅಂತ ಈಗಿರೋ ಚಕ್ರದಲ್ಲೇ ಬೆರಳು ಹಾಕಿ ನೋಡಿ.

ಪಿಸಿಡಿ, ಅಂದ್ರೆ ಬೋಲ್ಟ್ ತೂತಿನ ಲೆಕ್ಕ, 5 ಇಂಟು 112 ಅಂದ್ರೆ 112 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್. ಈಗಿನ ಕ್ಯೂ7, ಈಗಿನ ಬಿಎಂಡಬ್ಲ್ಯೂ ಎಕ್ಸ್5, ಮರ್ಸಿಡಿಸ್ ಜಿಎಲ್‌ಎಸ್ ಎಲ್ಲಕ್ಕೂ 5 ಇಂಟು 112, ಮಧ್ಯದ ತೂತು 66.6. ಹಳೆ ಎಕ್ಸ್5ಗೆ 5 ಇಂಟು 120, ಹಳೇ ಕ್ಯೂ7ಗೆ 5 ಇಂಟು 130. ವೋಲ್ವೋ ಎಕ್ಸ್‌ಸಿ90ಗೆ 5 ಇಂಟು 108. ಲ್ಯಾಂಡ್ ಕ್ರೂಸರ್ 200ಕ್ಕೆ 5 ಇಂಟು 150, 300ಕ್ಕೆ 6 ಇಂಟು 139.7. ಸೆಕೆಂಡ್‌ಹ್ಯಾಂಡ್ ರಿಮ್ ತಗೊಳ್ಳೋರು ಗಾಡಿ ಹೆಸರು ನೋಡಿ ತಗೋಬೇಡಿ, ಯಾವ ವರ್ಷದ ಮಾಡೆಲ್ ಅಂತ ನೋಡಿ. ಮಧ್ಯದ ತೂತು ದೊಡ್ಡದಿದ್ರೆ ಸಂದು ತುಂಬೋ ಹಬ್ ರಿಂಗ್ ಹಾಕ್ಬಹುದು, ಚಿಕ್ಕದಿದ್ರೆ ಕೂರೋದೇ ಇಲ್ಲ. ಪಿಸಿಡಿ ಬದಲಾಯಿಸೋ ಅಡಾಪ್ಟರ್ ಇಷ್ಟು ಭಾರದ ಗಾಡಿಗೆ, ಅದೂ ಘಾಟಿ ರಸ್ತೆಗೆ, ದಯವಿಟ್ಟು ಬೇಡ.

ಬೋಲ್ಟಿನ ತಲೆ ಕೂರೋ ಆಕಾರನೂ ನೋಡ್ಬೇಕು. ಆಡಿ, ಮರ್ಸಿಡಿಸ್ ಕಂಪನಿ ಬೋಲ್ಟಿನ ಸೀಟು ಗೋಲಾಕಾರ, ಕಂಪನಿದಲ್ಲದ ಹೊರಗಿನ ರಿಮ್‌ಗಳದ್ದು ಹೆಚ್ಚಾಗಿ 60 ಡಿಗ್ರಿ ಕೋನ್. ಗೋಲ ಸೀಟಿನ ಬೋಲ್ಟನ್ನ ಕೋನ್ ತೂತಿಗೆ ಬಿಗಿ ಮಾಡಿದ್ರೆ ಬಿಗಿ ಆದ ಹಾಗೆ ಕಾಣುತ್ತೆ, ಮುಟ್ಟೋದು ಒಂದು ಸಣ್ಣ ಗೆರೆಯಷ್ಟು ಮಾತ್ರ, ಓಡ್ತಾ ಓಡ್ತಾ ಸಡಿಲ ಆಗುತ್ತೆ. ರಿಮ್ ಜೊತೆಗೇ ಸರಿಯಾದ ಬೋಲ್ಟ್ ಸೆಟ್ ಕೇಳಿ ತಗೊಳ್ಳಿ.

ಮುಂದೆ ಹಿಂದೆ ಬೇರೆ ಬೇರೆ ಅಗಲ ಹಾಕೋದರ ಬಗ್ಗೆ ಸ್ವಲ್ಪ ಹುಷಾರು. ಎಕ್ಸ್5ಗೆ ಕಂಪನಿನೇ 21 ಇಂಚಲ್ಲಿ ಮುಂದೆ 275/40, ಹಿಂದೆ 315/35 ಕೊಡುತ್ತೆ, ಲೆಕ್ಕ ಹಾಕಿ ನೋಡಿ, 753.4 ಮತ್ತು 753.9, ಅರ್ಧ ಮಿಲಿಮೀಟರ್ ವ್ಯತ್ಯಾಸ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಯಲ್ಲಿ ಮುಂದೆ ಹಿಂದೆ ವ್ಯಾಸ ಬೇರೆ ಆದ್ರೆ ಎರಡೂ ಕಡೆಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಸದಾ ಒದ್ದಾಡ್ತಾ ಇರುತ್ತೆ, ಬಿಸಿ ಆಗುತ್ತೆ, ಕೊನೆಗೆ ಅದರ ಬಿಲ್ ನಾಲ್ಕು ಅಲಾಯ್ ಬಿಲ್‌ಗಿಂತ ದೊಡ್ಡದಾಗಿ ಬರುತ್ತೆ. ಇದೇ ಕಾರಣಕ್ಕೆ ಒಂದು ಟೈರ್ ಹಾಳಾದ್ರೂ ಸವೆದ ಮೂರರ ಜೊತೆ ಹೊಸದೊಂದು ಸೇರಿಸೋ ಮೊದ್ಲು ಟ್ರೆಡ್ ಅಳೆಸಿ. ಇಲ್ಲಿ ಇರೋರಿಗೆ ನಾಲ್ಕೂ ಒಂದೇ ಸೈಜ್ ಇರೋದೇ ವಾಸಿ, ಅದಲು ಬದಲು ಮಾಡ್ಬಹುದು, ಒಂದು ಹೋದ್ರೆ ಹುಡುಕೋದೂ ಸುಲಭ.

ಹುಡುಕೋದು ಅಂದ್ರೆ ನೆನಪಾಯ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಹೊರಗಿಂದ ತರಿಸೋದಕ್ಕೆ ಲೈಸೆನ್ಸ್ ಬೇಕು, ಹಾಗಾಗಿ 21, 22 ಇಂಚಿನ ಅಪರೂಪದ ಸೈಜ್‌ಗಳು ಬೇಕಾದಾಗ ಸಿಗಲ್ಲ. ರಿಮ್‌ಗೆ ದುಡ್ಡು ಕೊಡೋ ಮೊದ್ಲು ಮೈಸೂರು ಬೆಂಗಳೂರಿನ ಎರಡು ಮೂರು ಡೀಲರ್‌ಗೆ ಫೋನ್ ಮಾಡಿ, ನಿಮಗೆ ಬೇಕಾದ ಸೈಜ್, ಬೇಕಾದ ಲೋಡ್ ಇಂಡೆಕ್ಸ್‌ನಲ್ಲಿ, ಒಂದೇ ಒಂದು ಟೈರ್ ಕೇಳಿದ್ರೆ ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ. ಉತ್ತರ ಮೂರು ವಾರ ಅಂದ್ರೆ ಆ ಸೈಜ್ ಬಿಟ್ಬಿಡಿ. ಟೈರ್ ಬಂದಾಗ ಸೈಡ್‌ವಾಲ್‌ನಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ, 3524 ಅಂತ ಇದ್ರೆ 2024ರ 35ನೇ ವಾರದ್ದು. ಓಡದ ಸೈಜ್‌ಗಳು ಗೋಡೌನಲ್ಲೇ ಮುದಿಯಾಗಿರ್ತವೆ.

ಸ್ಟೆಪ್ನಿ ಕಥೆನೂ ಯೋಚಿಸಿ. 2020ರಲ್ಲಿ ಬದಲಾದ ನಿಯಮದಲ್ಲಿ ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್, ಟೈರ್ ಪ್ರೆಷರ್ ಸೆನ್ಸರ್ ಇದ್ರೆ ಸ್ಟೆಪ್ನಿ ಕಡ್ಡಾಯ ಇಲ್ಲ, ಆದ್ರೆ ಮಾಕುಟ್ಟದ ಕಾಡಲ್ಲಿ ರಾತ್ರಿ ಸೈಡ್‌ವಾಲ್ ಹರಿದ್ರೆ ಆ ಕಿಟ್ ಏನೂ ಮಾಡಲ್ಲ. ಹಳೆ ಸ್ಟೆಪ್ನಿ ಇದ್ರೆ ಹೊಸ ವ್ಯಾಸ ಅದಕ್ಕೆ ಹತ್ತಿರ ಇರಲಿ, ಹಳೆ ಬೋಲ್ಟ್ ಐದು ಅದರ ಜೊತೆಗೇ ಇಡಿ.

ಫಿಟ್ಟಿಂಗ್ ದಿನ ನೀವೇ ನಿಂತು ನೋಡಿ. ಟೈರ್ ಹಾಕೋ ಮೊದ್ಲು ಖಾಲಿ ರಿಮ್‌ನ ಹಬ್ಬಿಗೆ ಕೂರಿಸಿ ಕ್ಯಾಲಿಪರ್‌ಗೆ ತಾಗದೆ ತಿರುಗುತ್ತಾ ನೋಡಿ, ಟೈರ್ ಏರಿಸಿದ ಮೇಲೆ ರಿಮ್ ವಾಪಸ್ ತಗೊಳ್ಳಲ್ಲ. ಟೈರ್ ಪ್ರೆಷರ್ ಸೆನ್ಸರ್‌ಗಳನ್ನ ಹಳೆ ರಿಮ್‌ನಿಂದ ಬದಲಾಯಿಸಿ, ಹೊಸ ವಾಲ್ವ್ ಸೀಲ್ ಹಾಕಿಸಿ. ಏರ್ ಸಸ್ಪೆನ್ಷನ್ ಇದ್ರೆ ಗಾಡಿನ ಅತಿ ತಗ್ಗಿಗೆ ಇಳಿಸಿ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಆಮೇಲೆ ಹಿಂದೆ ಮೂರು ಜನ ಕೂರಿಸಿ ಹಂಪ್ ಹತ್ತಿಸಿ ಇನ್ನೊಮ್ಮೆ. ಎಲ್ಲಾದ್ರೂ ಉಜ್ಜಿದ್ರೆ ಒಳಗಿನ ಪ್ಲಾಸ್ಟಿಕ್ ಕುಯ್ದು ಕೊಡ್ತೀನಿ ಅಂತಾರೆ, ಒಪ್ಬೇಡಿ, ಸೈಜೇ ತಪ್ಪಾಗಿದೆ ಅಂತ ಅರ್ಥ. ಬೋಲ್ಟನ್ನ ಗನ್ನಲ್ಲಿ ಬಿಡದೆ ಟಾರ್ಕ್ ರೆಂಚಲ್ಲಿ ಮ್ಯಾನ್ಯುವಲ್ ಹೇಳಿದಷ್ಟೇ ಬಿಗಿ ಮಾಡಿಸಿ, ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ಚೆಕ್ ಮಾಡಿ. ಅಲೈನ್‌ಮೆಂಟ್ ಹೇಳ್ಬೇಕಾಗಿಲ್ಲ ತಾನೇ.

ಕಾನೂನು ಬಗ್ಗೆ ಉದ್ದ ಎಳೆಯಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ತಯಾರಕರು ಮೂಲದಲ್ಲಿ ಹೇಳಿದ ವಿವರ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಡಕ್ಕಾಗೇ ಹೇಳಿದೆ. ನಿಮ್ಮದೇ ಮಾಡೆಲ್‌ನ ಬೇರೆ ವೇರಿಯೆಂಟ್‌ಗೆ ಕಂಪನಿ ಕೊಡೋ ಸೈಜನ್ನೇ ಆರಿಸಿದ್ರೆ ತಕರಾರು ಕಮ್ಮಿ, ಮೇಲೆ ಇಷ್ಟೊತ್ತು ಮಾಡಿದ ಲೆಕ್ಕನೂ ಅದರಲ್ಲಿ ತಾನಾಗೇ ಸರಿಹೋಗಿರುತ್ತೆ. ಇನ್ಶೂರೆನ್ಸ್‌ನವರಿಗೆ ಅಲಾಯ್ ಬದಲಾಯಿಸಿದ್ದು ಬಿಲ್ ಸಮೇತ ಬರೆದು ತಿಳಿಸಿ. ಮಾಮೂಲಿ ಪಾಲಿಸಿಯಲ್ಲಿ ಟೈರ್ ಮಾತ್ರ ಹೋದ್ರೆ ಏನೂ ಬರಲ್ಲ, ಗಾಡಿಗೂ ಜೊತೆಗೆ ಪೆಟ್ಟಾಗಿದ್ರೆ ಟೈರ್ ಬೆಲೆಯ ಅರ್ಧ ಕೊಡ್ತಾರೆ, ಟೈರ್ ಮತ್ತು ರಿಮ್ ಕವರ್ ಅಂತ ಬೇರೆ ಆಡ್‌ಆನ್ ಸಿಗುತ್ತೆ, ಕೊಡಗಿನ ಗಾಡಿಗೆ ಅದು ದಂಡ ಅಲ್ಲ, ಆದ್ರೆ ಹೊರಗಿನ ರಿಮ್‌ಗೂ ಅನ್ವಯ ಆಗುತ್ತಾ ಅಂತ ಬರಹದಲ್ಲೇ ಕೇಳಿ.

ಎರಡು ಸೆಟ್ ಇಟ್ಕೊಳ್ಳೋರು ಮೇ ಕೊನೆಗೇ ಬದಲಾಯಿಸಿ, ಮೊದಲ ಮಳೆ ಬಿದ್ದ ಮೇಲೆ ಎಲ್ಲರೂ ಒಟ್ಟಿಗೇ ಟೈರ್ ಅಂಗಡಿಗೆ ನುಗ್ತಾರೆ. ತೆಗೆದ ಚಕ್ರ ತೊಳೆದು ಒಣಗಿಸಿ, ಗಾಳಿ ಪೂರ್ತಿ ಬಿಡದೆ, ಒಂದರ ಮೇಲೊಂದು ಮಲಗಿಸಿ ಕತ್ತಲೆ ಜಾಗದಲ್ಲಿ ಇಡಿ, ಜನರೇಟರ್, ಮೋಟರ್ ಪಕ್ಕ ಬೇಡ, ಅಲ್ಲಿ ಹುಟ್ಟೋ ಓಝೋನ್ ರಬ್ಬರ್ ಬಿರಿಯೋ ಹಾಗೆ ಮಾಡುತ್ತೆ. ಯಾವುದು ಮುಂದೆ ಎಡ, ಯಾವುದು ಹಿಂದೆ ಬಲ ಅಂತ ಚಾಕ್‌ಪೀಸಲ್ಲಿ ಟ್ರೆಡ್ ಮೇಲೆ ಬರೆದಿಡಿ, ಆ ಸೆಟ್ಟಿನ ಬೋಲ್ಟನ್ನ ಅದೇ ಚಕ್ರದ ಮೇಲೆ ಚೀಲದಲ್ಲಿ ಕಟ್ಟಿಡಿ, ಗೋಲದ್ದೂ ಕೋನಿನದ್ದೂ ಕಲೆಸ್ಬೇಡಿ.